ಹಾವಿಗೊಂದು ಮನೆ

ಹಾವಿನ ಮನೆ ಯಾವುದು ಎಂದು ನಮ್ಮ ಕಡೆಯ ಯಾವ ಹೆಣ್ಣುಮಗಳನ್ನು ಕೇಳಿದರೂ ಹುತ್ತ ಎನ್ನುತ್ತಾಳೆ. ಆದರೆ ಹುತ್ತವನ್ನು ಹಾವು ಕಟ್ಟುವುದಿಲ್ಲ, ಗೆದ್ದಲು ಕಟ್ಟುತ್ತದೆ. ಹಾವು ಬಂದು ಸೇರಿಕೊಳ್ಳುತ್ತದೆ, ಅಷ್ಟೇ. ಹಾವುಗಳಲ್ಲಿ ತಾನೇ ಗೂಡು ಕಟ್ಟುವಾಕೆ ಒಬ್ಬಳಿದ್ದಾಳೆ. ಆಕೆಯ ಮಾತು ಮುಂದೆ ಬರುತ್ತದೆ. ಉಳಿದವು ಗೆದ್ದಲಿನ ಹುತ್ತ, ಇಲಿಯ ಬಿಲ, ಕಲ್ಲಿನ ಸಂದು, ಮರದ ಪೊಟರೆ, ಹೀಗೆ ಯಾರೋ ಮಾಡಿಟ್ಟಲ್ಲಿ ಬಾಡಿಗೆಯಿಲ್ಲದೆ ಇರುವಂಥವು. ಹುತ್ತವೇ ಅವಕ್ಕೆ ಏಕೆ ಹಿಡಿಸುತ್ತದೆಂದು ನಾನು ಬಹಳ ಕಾಲ ಯೋಚಿಸಿರಲಿಲ್ಲ. ವೈಶಾಖದಲ್ಲಿ ನಮ್ಮ ಬಸವಕಲ್ಯಾಣದ ಕೆಂಪು ನೆಲ ಕಾದ ಹೆಂಚಿನಂತಾಗುತ್ತದೆ. ಆಗಲೂ ಹುತ್ತದೊಳಗೆ ತಂಪು, ತೇವ. ಮಾಘದ ಚಳಿಯಲ್ಲಿ ಅದೇ ಹುತ್ತ ಬೆಚ್ಚಗೆ. ಒಳಗೆ ಕತ್ತಲೆ. ಹಾವು ಸುರುಳಿ ಸುತ್ತಿ ಕೂತರೆ ಮೈಗೆ ಸುತ್ತಲೂ ಗೋಡೆ ತಾಗುವಷ್ಟು ಇಕ್ಕಟ್ಟು. ನಮಗೆ ಇಕ್ಕಟ್ಟೆಂದರೆ ಉಸಿರು ಕಟ್ಟುತ್ತದೆ, ಹಾವಿಗೆ ಅದೇ ಧೈರ್ಯ. ಈ ನಾಲ್ಕು ಸಂಗತಿಗಳನ್ನು ಮನುಷ್ಯರು ಅರಿತುಕೊಳ್ಳಲು ಎಷ್ಟು ಕಾಲ ಬೇಕಾಯಿತು ಎಂಬುದೇ ಇಲ್ಲಿ ನಾನು ಹೇಳಹೊರಟಿರುವ ಇತಿಹಾಸ.

ಪಂಚಮಿ ನಮ್ಮಲ್ಲಿ ಹೆಣ್ಣುಮಕ್ಕಳ ಹಬ್ಬ. ತವರಿಗೆ ಬರುವುದು, ಜೋಕಾಲಿ ಕಟ್ಟುವುದು, ಶೇಂಗಾ ಉಂಡಿ, ಎಳ್ಳುಂಡಿ, ಅಳ್ಳು. ಹುತ್ತಕ್ಕೆ ಹೋಗಿ ಅವ್ವನ ಪಾಲು, ಅಪ್ಪನ ಪಾಲು, ಅಣ್ಣನ ಪಾಲು ಎಂದು ಒಬ್ಬೊಬ್ಬರ ಹೆಸರು ಹೇಳಿ ಹಾಲೆರೆಯುವುದು. ಇದೇ ಊರಿನಲ್ಲಿ ಹನ್ನೆರಡನೆಯ ಶತಮಾನದಲ್ಲಿ ಬಸವಣ್ಣನವರು ಬಾಳಿದರು. ಕಲ್ಲಿನ ನಾಗರಕ್ಕೆ ಹಾಲೆರೆದ ಕೈಯೇ ನಿಜದ ನಾಗರ ಕಂಡರೆ ಬಡಿಗೆ ಹಿಡಿಯುತ್ತದೆ ಎಂಬುದನ್ನು ಅವರು ಒಂದು ವಚನದಲ್ಲಿ ಕುಟುಕಿದ್ದಾರೆ. ಐದನೆಯ ಇಯತ್ತೆಯ ಮಕ್ಕಳಿಗೂ ಅದು ಬಾಯಿಪಾಠ. ಬಾಯಿಪಾಠ ಮಾಡಿದ ಮಕ್ಕಳೇ ಸಾಲಿಯ ಹಿಂದಿನ ಮುಳ್ಳುಕಂಟಿಯಲ್ಲಿ ಹಾವು ಕಂಡಾಗ ಕಲ್ಲು ಆರಿಸಿಕೊಳ್ಳುತ್ತಾರೆ, ಆ ಮಾತು ಬೇರೆ.

ಕಲ್ಲಿನ ನಾಗರಕ್ಕೂ ನಿಜದ ನಾಗರಕ್ಕೂ ನಡುವೆ ಮೂರನೆಯದೊಂದು ಇತ್ತು, ಬುಟ್ಟಿಯ ನಾಗರ. ನಾನು ಸಣ್ಣಾಕಿ ಇದ್ದಾಗ ಪಂಚಮಿಯ ಮುಂದೆ, ಹುಮನಾಬಾದಿನ ವೀರಭದ್ರೇಶ್ವರನ ಜಾತ್ರೆಯಲ್ಲಿಯೂ, ಹಾವಾಡಿಗರು ಬರುತ್ತಿದ್ದರು. ಚಪ್ಪಟೆಯಾದ ದುಂಡನೆಯ ಬಿದಿರ ಬುಟ್ಟಿ, ಮೇಲೆ ಮುಚ್ಚಳ, ಸುತ್ತ ಅರಿವೆ. ಮುಚ್ಚಳ ತೆಗೆದೊಡನೆ ಹಾವು ಹೆಡೆ ಎತ್ತುತ್ತಿತ್ತು. ಪುಂಗಿಯ ನಾದಕ್ಕೆ ಮೆಚ್ಚಿ ಎತ್ತಿತೆಂದು ನಾವು ತಿಳಿದಿದ್ದೆವು. ಕತ್ತಲೆಯಿಂದ ಬೆಳಕಿಗೆ ಬಂದು, ಮುಂದೆ ಅಲ್ಲಾಡುವ ಪುಂಗಿ ಕಂಡು, ಬೆದರಿ ಎತ್ತುತ್ತಿತ್ತು. ಎಷ್ಟೋ ಹಾವುಗಳ ವಿಷದ ಹಲ್ಲು ಕಿತ್ತಿರುತ್ತಿದ್ದರು, ಕೆಲವಕ್ಕೆ ಬಾಯಿಯನ್ನೇ ಹೊಲಿದಿರುತ್ತಿದ್ದರು. ಹಾವು ಹಾಲು ಕುಡಿಯುವ ಪ್ರಾಣಿಯಲ್ಲ. ದಿನಗಟ್ಟಲೆ ನೀರಿಲ್ಲದೆ ಇಟ್ಟರೆ ಎದುರಿಗಿಟ್ಟದ್ದು ಏನಿದ್ದರೂ ಕುಡಿಯುತ್ತದೆ. ನಾವು ಕೈಮುಗಿದು ಕೊಟ್ಟ ಹಾಲು ಅದರ ಹೊಟ್ಟೆ ಕೆಡಿಸುತ್ತಿತ್ತು. ಬುಟ್ಟಿಯಲ್ಲಿಯೂ ಕತ್ತಲೆ ಇತ್ತು, ಇಕ್ಕಟ್ಟು ಇತ್ತು. ಹುತ್ತದ ಉಳಿದ ಎರಡು ಗುಣ, ಬೇಕಾದಾಗ ಬೇಕಾದಷ್ಟು ಬಿಸಿ ಮತ್ತು ತೇವ, ಇರಲಿಲ್ಲ. ಹೊರಗೆ ಹೋಗುವ ದಾರಿಯಂತೂ ಇಲ್ಲವೇ ಇಲ್ಲ. ಆ ಹಾವಾಡಿಗರನ್ನು ಬೈಯಲು ನನಗೆ ಮನಸ್ಸಿಲ್ಲ. ಅವರಿಗೆ ಭೂಮಿ ಇರಲಿಲ್ಲ, ಬೇರೆ ಕಸುಬು ಇರಲಿಲ್ಲ, ದುಡ್ಡು ಹಾಕುತ್ತಿದ್ದವರು ನಾವೇ.

ಇಷ್ಟೆಲ್ಲ ನನ್ನ ತಲೆಗೆ ಬಂದದ್ದು ನನ್ನ ತಂಗಿಯ ಫೋನಿನಿಂದ. ಆಕೆಯ ಮಗ ಅಮೆರಿಕದಲ್ಲಿ ನೌಕರಿ ಮಾಡುತ್ತಾನೆ. ಒಂದು ದಿನ ಮುಂಜಾನೆ, ನಾನು ಸಾಲಿಗೆ ಹೊರಡುವ ಗಡಿಬಿಡಿಯಲ್ಲಿರುವಾಗ ಫೋನು.

“ಅಕ್ಕಾ, ನಮ್ಮ ಹುಡುಗ ಮನ್ಯಾಗ ಹಾವು ಸಾಕ್ಯಾನ.”

“ಎಂಥಾ ಹಾವು?”

“ಎಂಥಾದಾದರೇನು, ಹಾವು ಹಾವೇ ಅಲ್ಲಾ? ಏಳು ಫೂಟ್ ಅದಂತ. ಈಗ ಅದಕ್ಕೊಂದು ಮನಿ ಕಟ್ಲತ್ಯಾನ. ಸೊಸಿಗಿ ಐದು ತಿಂಗಳು. ನಾ ಬಾಣಂತನಕ್ಕ ಹೋಗಬೇಕು. ನೀ ಸಾಲಿ ಕಲಿಸಾಕಿ, ನಿನ್ನ ಮಾತು ಕೇಳ್ತಾನ. ಅದನ್ನ ಹೊರಗ ಹಾಕು ಅಂತ ಹೇಳು.”

ನಾನು ಹೇಳಿದೆ. ಅವನು ನಕ್ಕು, “ದೊಡ್ಡವ್ವ, ನೀನು ಇತಿಹಾಸ ಕಲಿಸ್ತಿ. ಹಾವಿನ ಮನಿಗೂ ಇತಿಹಾಸ ಅದ, ಮೊದಲು ಓದು, ಆಮೇಲೆ ಬೈ” ಎಂದ. ಹುಡುಗರು ಹೀಗೆ ನಮ್ಮ ಅಸ್ತ್ರವನ್ನೇ ನಮ್ಮ ಮೇಲೆ ತಿರುಗಿಸುತ್ತಾರೆ. ಓದಿದೆ. ಬೈಯುವುದನ್ನು ಪೂರ್ತಿ ಬಿಟ್ಟೆನೆಂದಲ್ಲ. ಯಾವುದಕ್ಕೆ ಬೈಯಬೇಕು, ಯಾವುದಕ್ಕೆ ಬೇಡ ಎಂಬುದು ತಿಳಿಯಿತು.

ಪ್ರಾಣಿಗಳನ್ನು ಸಾಕಿ ಆಡಿಸುವುದು ನಮ್ಮ ಊರಿಗೆ ಹೊಸದೇನಲ್ಲ. ಕಲ್ಯಾಣದ ಚಾಲುಕ್ಯರಲ್ಲಿ ಮೂರನೆಯ ಸೋಮೇಶ್ವರ ಹನ್ನೆರಡನೆಯ ಶತಮಾನದ ಮೊದಲ ಭಾಗದಲ್ಲಿ ಸಂಸ್ಕೃತದಲ್ಲಿ ರಚಿಸಿದ ಮಾನಸೋಲ್ಲಾಸದಲ್ಲಿ ಆನೆ, ಕುದುರೆ, ನಾಯಿ, ಗಿಡುಗ, ಪಾರಿವಾಳ, ಮೀನು ಎಲ್ಲಕ್ಕೂ ವಿನೋದಗಳ ಅಧ್ಯಾಯಗಳಿವೆ. ಆದರೆ ಹಾವನ್ನು ಇಡಲೆಂದೇ ಒಂದು ಕಟ್ಟಡ ಎದ್ದದ್ದು ದೂರದ ಲಂಡನ್ನಿನಲ್ಲಿ, 1849ರಲ್ಲಿ. ಅಲ್ಲಿಯ ಮೃಗಾಲಯದ ಸರೀಸೃಪಗಳ ಮನೆಯೇ ಜಗತ್ತಿನಲ್ಲಿ ಅಂಥದ್ದರಲ್ಲಿ ಮೊದಲನೆಯದು. ಅದಕ್ಕೂ ಮುಂಚೆ ಊರೂರು ತಿರುಗುವ ಪ್ರದರ್ಶನದವರು ದೊಡ್ಡ ಹಾವುಗಳನ್ನು ಪೆಟ್ಟಿಗೆಯಲ್ಲಿ ಕಂಬಳಿ ಸುತ್ತಿ ಇಡುತ್ತಿದ್ದರು. ಚಳಿಯ ದೇಶ, ಕಂಬಳಿ ಹೊದಿಸಿದರೆ ಬೆಚ್ಚಗಾಗುತ್ತದೆ ಎಂಬ ತಿಳಿವಳಿಕೆ. ನಮಗೆ ಕಂಬಳಿ ಬೆಚ್ಚಗೆನಿಸುವುದು ನಮ್ಮ ಮೈಯಲ್ಲಿ ಶಾಖ ಹುಟ್ಟುವುದರಿಂದ. ಹಾವಿನ ಮೈಯಲ್ಲಿ ಹಾಗೆ ಹುಟ್ಟುವುದಿಲ್ಲ, ಅದಕ್ಕೆ ಬಿಸಿ ಹೊರಗಿನಿಂದಲೇ ಬರಬೇಕು. ತಣ್ಣನೆಯ ಹಾವಿಗೆ ಕಂಬಳಿ ಹೊದಿಸುವುದೆಂದರೆ ಕಲ್ಲಿಗೆ ಕಂಬಳಿ ಹೊದಿಸಿದಂತೆ.

ಆ ಕಂಬಳಿಯದೇ ಒಂದು ಕಥೆಯಿದೆ. 1851ರಲ್ಲಿ ಲಂಡನ್ ಮೃಗಾಲಯದ ಒಂದು ಬೋವಾ ಹಾವು ತನ್ನ ಹಾಸಿಗೆಯಾಗಿದ್ದ ಕಂಬಳಿಯನ್ನೇ ನುಂಗಿಬಿಟ್ಟಿತು. ಕತ್ತಲೆಯಲ್ಲಿ ಬೇಟೆಯ ವಾಸನೆ ಹತ್ತಿದ್ದ ಕಂಬಳಿಯನ್ನು ಬೇಟೆಯೆಂದೇ ತಿಳಿದಿರಬೇಕು. ಸುಮಾರು ಐದು ವಾರ ಹೊಟ್ಟೆಯಲ್ಲಿಟ್ಟುಕೊಂಡು, ಕಡೆಗೆ ಹೊರಗೆ ಕಕ್ಕಿತು. ಹಾವಿಗೆ ಹೊದಿಕೆ ಬೇಕು ಎಂದುಕೊಂಡವರಿಗೆ ಹಾವೇ ಕೊಟ್ಟ ಉತ್ತರ ಎಂದು ನನಗೆ ನಗು ಬಂತು. ಮರುವರ್ಷದ್ದು ನಗುವ ಮಾತಲ್ಲ. 1852ರ ಅಕ್ಟೋಬರಿನಲ್ಲಿ ಗರ್ಲಿಂಗ್ ಎಂಬ ಕಾವಲಿನವನು, ಆಸ್ಟ್ರೇಲಿಯಾಕ್ಕೆ ಹೊರಟ ಗೆಳೆಯನನ್ನು ಬೀಳ್ಕೊಡಲು ರಾತ್ರಿಯೆಲ್ಲ ಕುಡಿದು, ಬೆಳಗ್ಗೆ ಕೆಲಸಕ್ಕೆ ಬಂದು, ನಾಗರಹಾವನ್ನು ಹೊರಗೆ ತೆಗೆದು ಆಡಿಸಹೋದ. ಹಾವು ಮೂಗಿಗೆ ಕಚ್ಚಿತು, ಆಸ್ಪತ್ರೆಯಲ್ಲಿ ತೀರಿಕೊಂಡ. ಗಾಜು ಗಟ್ಟಿಯಾಗಿಯೇ ಇತ್ತು. ಬಾಗಿಲು ತೆಗೆಯುವ ಕೈ ಸರಿಯಿರಲಿಲ್ಲ. ಹಾವಿನ ಮನೆ ಕಟ್ಟುವವರು ಗಾಜು, ಹಲಗೆ, ಮೊಳೆಗಳ ಲೆಕ್ಕ ಹಾಕುತ್ತಾರೆ, ಮನುಷ್ಯನ ಲೆಕ್ಕ ಮರೆಯುತ್ತಾರೆ. ಇದು ನನಗೆ ಆಮೇಲೆ ಉಪಯೋಗಕ್ಕೆ ಬಂತು.

ಇನ್ನು ನಾನು ಯಾರ ವಿಷಯ ಬರೆಯಲು ಕಾತರಳಾಗಿದ್ದೆನೋ ಆಕೆಯ ಮಾತು. ಹೆಸರು ಜೋನ್ ಪ್ರಾಕ್ಟರ್. 1897ರಲ್ಲಿ ಲಂಡನ್ನಿನಲ್ಲಿ ಹುಟ್ಟಿದಳು. ಹತ್ತು ವರ್ಷದ ಹುಡುಗಿಯಾಗಿದ್ದಾಗಲೇ ಹಲ್ಲಿ, ಹಾವುಗಳನ್ನು ಸಾಕುತ್ತಿದ್ದಳು. ಊಟಕ್ಕೆ ಕೂತಾಗ ಪಕ್ಕದಲ್ಲಿ ಹಲ್ಲಿ ಇರಬೇಕು. ಹದಿನಾರನೆಯ ವಯಸ್ಸಿಗೆ ಒಂದು ಮರಿ ಮೊಸಳೆ ಸಾಕಿ, ಅದನ್ನು ಶಾಲೆಯ ಗಣಿತದ ತರಗತಿಗೇ ಕರೆದೊಯ್ದಳಂತೆ. ಆ ಗಣಿತದ ಶಿಕ್ಷಕಿಯ ಪಾಡನ್ನು ನೆನೆದು ನನಗೆ ಅಯ್ಯೋ ಎನಿಸಿತು. ಜಾಣೆ, ಆದರೆ ಚಿಕ್ಕಂದಿನಿಂದ ಕರುಳಿನ ಬೇನೆ. ಅದರಿಂದಾಗಿ ಕೇಂಬ್ರಿಜ್ ವಿಶ್ವವಿದ್ಯಾಲಯಕ್ಕೆ ಹೋಗಲಾಗಲಿಲ್ಲ. ಬ್ರಿಟಿಷ್ ಮ್ಯೂಸಿಯಮ್ಮಿನಲ್ಲಿ ಸರೀಸೃಪಗಳ ವಿಭಾಗ ನೋಡಿಕೊಳ್ಳುತ್ತಿದ್ದ ಬೂಲೆಂಜರ್ ಎಂಬ ದೊಡ್ಡ ವಿಜ್ಞಾನಿ 1916ರಲ್ಲಿ ಆಕೆಯನ್ನು ಸಹಾಯಕಿಯಾಗಿ ಸೇರಿಸಿಕೊಂಡರು. ಪದವಿಯಿಲ್ಲದ ಹುಡುಗಿ ಅಲ್ಲಿ ಸತ್ತ ಹಾವುಗಳ ಮೂಳೆ ಎಣಿಸಿ, ಚಿಪ್ಪು ಎಣಿಸಿ ವಿದ್ಯೆ ಕಲಿತಳು. 1923ರಲ್ಲಿ ಲಂಡನ್ ಮೃಗಾಲಯ ಆಕೆಯನ್ನು ಸರೀಸೃಪಗಳ ಮೇಲ್ವಿಚಾರಕಿಯಾಗಿ ನೇಮಿಸಿತು. ಆ ಸ್ಥಾನಕ್ಕೆ ಬಂದ ಮೊದಲ ಹೆಂಗಸು ಆಕೆ. ಆಗ ಆಕೆಗೆ ಇಪ್ಪತ್ತಾರು.

ಹೊಸ ಸರೀಸೃಪ ಭವನದ ಯೋಜನೆ ಬಂದಾಗ ಆಕೆ ವಾಸ್ತುಶಿಲ್ಪಿ ಗೈ ಡಾಬರ್ ಜೊತೆ ಕೂತು ಒಳಗಿನ ವ್ಯವಸ್ಥೆಯನ್ನೆಲ್ಲ ತಾನೇ ರೂಪಿಸಿದಳು. 1926–27ರಲ್ಲಿ ಕಟ್ಟಡ ಎದ್ದಿತು. ಅದರ ಹೆಚ್ಚುಗಾರಿಕೆ ಏನೆಂದು ನನ್ನಂಥವಳಿಗೆ ತಿಳಿಯುವ ಹಾಗೆ ಹೇಳುತ್ತೇನೆ. ಇಡೀ ಕಟ್ಟಡವನ್ನು ಒಂದೇ ಸಮನೆ ಕಾಯಿಸಿದರೆ ಮರುಭೂಮಿಯ ಹಾವಿಗೂ ಮಳೆಕಾಡಿನ ಹಾವಿಗೂ ಒಂದೇ ಹವೆ ಆಗುತ್ತದೆ. ಅಡುಗೆಮನೆಯಲ್ಲಿ ಎಲ್ಲ ಪಾತ್ರೆಯನ್ನೂ ಒಂದೇ ಉರಿಯಲ್ಲಿ ಇಟ್ಟಂತೆ. ಅನ್ನವೂ ಹಾಳು, ಹಾಲೂ ಉಕ್ಕಿತು. ಆಕೆ ಒಂದೊಂದು ಗೂಡಿಗೆ ಬೇರೆ ಬೇರೆ ವಿದ್ಯುತ್ ಶಾಖ ಇಡಿಸಿದಳು. ಜನ ನಡೆಯುವ ಜಾಗವನ್ನು ಮಬ್ಬಾಗಿಟ್ಟು ಬೆಳಕನ್ನು ಗೂಡುಗಳ ಒಳಗೆ ಬೀಳಿಸಿದಳು. ನೋಡುವವರು ಕತ್ತಲೆಯಲ್ಲಿ, ಹಾವು ತನ್ನ ಬಿಸಿಲಿನಲ್ಲಿ. ಸಾದಾ ಕಿಟಕಿಯ ಗಾಜು ಬಿಸಿಲಿನ ನೇರಳಾತೀತ ಕಿರಣಗಳನ್ನು ತಡೆಯುತ್ತದೆ. ಅವನ್ನು ಒಳಗೆ ಬಿಡುವ ವೀಟಾ ಗ್ಲಾಸ್ ಎಂಬ ಹೊಸ ಗಾಜನ್ನು ತರಿಸಿದಳು. ಬಂಡೆಗಳನ್ನು ತಾನೇ ಅಚ್ಚು ಮಾಡಿಸಿ, ಹಾವು ಮೈ ಉಜ್ಜಲು ಒರಟು, ಅಡಗಲು ಸಂದು, ಏರಲು ಕೊಂಬೆ ಇರುವ ಹಾಗೆ ಜೋಡಿಸಿದಳು. ಕಾಯಿಲೆ ಬಿದ್ದ ಹಾವುಗಳಿಗೆ ಚಿಕಿತ್ಸೆಯನ್ನೂ ಆಕೆಯೇ ಮಾಡುತ್ತಿದ್ದಳು. ತನ್ನ ಮೈಯ ಬೇನೆ ಕಾಡುತ್ತಿದ್ದ ದಿನಗಳಲ್ಲಿ ಗಾಲಿ ಕುರ್ಚಿಯಲ್ಲಿ ಕೂತು ಮೃಗಾಲಯ ಸುತ್ತುವುದು. ಕೊಮೊಡೊ ದ್ವೀಪದಿಂದ ಬಂದ ಸುಂಬಾವಾ ಎಂಬ ದೈತ್ಯ ಉಡ ನಾಯಿಯಂತೆ ಆಕೆಯ ಹಿಂದೆ ನಡೆಯುತ್ತಿತ್ತು. 1931ರಲ್ಲಿ, ಮೂವತ್ನಾಲ್ಕು ವಯಸ್ಸಿಗೆ, ಆಕೆ ತೀರಿಕೊಂಡಳು. ಆಕೆ ರೂಪಿಸಿದ ಭವನದಲ್ಲಿ ತೊಂಬತ್ತು ವರ್ಷಕ್ಕೂ ಹೆಚ್ಚು ಕಾಲ ಹಾವುಗಳು ಬಾಳಿದವು. 2024ರಲ್ಲಿ ಅವಕ್ಕಾಗಿ ಬೇರೆ ಹೊಸ ಕಟ್ಟಡ ತೆರೆಯಿತು.

ಆಕೆಗೆ ಇದು ಹೊಳೆದದ್ದು ಹೆಂಗಸಾದ್ದರಿಂದ ಎಂದು ನಾನು ಹೇಳುವುದಿಲ್ಲ. ಆದರೆ ಹಾಸಿಗೆ ಹಿಡಿದವರಿಗೆ ಕೋಣೆಯ ಮಹತ್ವ ಚೆನ್ನಾಗಿ ಗೊತ್ತಿರುತ್ತದೆ. ಗಾಳಿ ಎತ್ತಲಿಂದ, ಬಿಸಿಲು ಎಷ್ಟು ಹೊತ್ತಿಗೆ ಎಲ್ಲಿಗೆ, ಬಾಗಿಲು ತೆಗೆದರೆ ಯಾರ ಕಣ್ಣು ಬೀಳುತ್ತದೆ, ಇವೆಲ್ಲ ಮಲಗಿದವರು ಕಾಣುತ್ತಾರೆ, ಓಡಾಡುವವರು ಕಾಣುವುದಿಲ್ಲ.

ಒಳ್ಳೆಯ ಮನೆ ಕಟ್ಟಿಕೊಟ್ಟರೆ ಹಾವು ತನ್ನ ಗುಟ್ಟನ್ನೂ ಬಿಟ್ಟುಕೊಡುತ್ತದೆ. ಹೆಬ್ಬಾವಿನ ತಾಯಿ ಮೊಟ್ಟೆಗಳ ಸುತ್ತ ಸುರುಳಿ ಸುತ್ತಿ ಕಾವು ಕೊಡುತ್ತದೆಂದು 1832ರಲ್ಲಿ ಲಾಮಾರ್-ಪೀಕೊ ಎಂಬ ಫ್ರೆಂಚ್ ಪ್ರವಾಸಿ ಹೇಳಿದಾಗ ಪ್ಯಾರಿಸ್ಸಿನ ಪಂಡಿತರು ನಂಬಲಿಲ್ಲ. ತಣ್ಣನೆಯ ನೆತ್ತರಿನ ಪ್ರಾಣಿ ಕಾವು ಕೊಡುವುದುಂಟೇ? 1841ರಲ್ಲಿ ಪ್ಯಾರಿಸ್ಸಿನ ಮೃಗಶಾಲೆಯಲ್ಲಿಯೇ ಒಂದು ಹೆಬ್ಬಾವು ಮೊಟ್ಟೆಯಿಟ್ಟು ಸುತ್ತಿ ಕೂತಿತು. ವಾಲೆನ್ಸಿಯೆನ್ ಎಂಬ ವಿಜ್ಞಾನಿ ಸುರುಳಿಯ ನಡುವೆ ಉಷ್ಣಮಾಪಕ ಇಟ್ಟು ನೋಡಿದರೆ ಸುತ್ತಲಿನ ಗಾಳಿಗಿಂತ ಅಲ್ಲಿ ಹೆಚ್ಚು ಬಿಸಿ. ಆ ಬಿಸಿ ಎಲ್ಲಿಂದ ಎಂಬುದಕ್ಕೆ ಉತ್ತರ 1966ರಲ್ಲಿ ನ್ಯೂಯಾರ್ಕಿನಲ್ಲಿ ಸಿಕ್ಕಿತು. ತಾಯಿ ತನ್ನ ಸ್ನಾಯುಗಳನ್ನು ನಡುಗಿಸಿ ನಡುಗಿಸಿ ಬಿಸಿ ಹುಟ್ಟಿಸುತ್ತದೆ, ನಾವು ಚಳಿಗೆ ನಡುಗುವ ಹಾಗೆಯೇ. ಹಾವಿನ ಮೈಯಲ್ಲಿ ಬಿಸಿ ಹುಟ್ಟುವುದಿಲ್ಲವೆಂದು ಮೇಲೆ ಬರೆದೆನಲ್ಲ, ಆ ನಿಯಮವನ್ನು ಈ ತಾಯಿ ಮಕ್ಕಳಿಗಾಗಿ ಎರಡು ತಿಂಗಳ ಮಟ್ಟಿಗೆ ಮುರಿಯುತ್ತದೆ. ಅಷ್ಟು ದಿನವೂ ಸಾಮಾನ್ಯವಾಗಿ ಉಪವಾಸ. ಇದನ್ನು ತಂಗಿಗೆ ಓದಿ ಹೇಳಿದೆ. ಆಕೆ ಸ್ವಲ್ಪ ಹೊತ್ತು ಸುಮ್ಮನಿದ್ದು, “ಅದಕ್ಕ ಬಾಣಂತನಕ್ಕ ಯಾರ ಬರ್ತಾರವ್ವ, ಪಾಪ” ಎಂದಳು.

ನಮ್ಮ ದೇಶದಲ್ಲಿ ಈ ಕೆಲಸಕ್ಕೆ ಬುನಾದಿ ಹಾಕಿದವರು ರಾಮ್ಯುಲಸ್ ವಿಟೇಕರ್. 1943ರಲ್ಲಿ ನ್ಯೂಯಾರ್ಕಿನಲ್ಲಿ ಹುಟ್ಟಿದವರು. ಹುಡುಗ ಹಾವು ಹಿಡಿದು ತಂದಾಗ ಹೊಡೆಯದೆ ಹಾವಿನ ಪುಸ್ತಕ ತಂದುಕೊಟ್ಟ ತಾಯಿ ಡೋರಿಸ್. ಆ ತಾಯಿ ಎರಡನೆಯ ಮದುವೆಯಾಗಿ ಭಾರತಕ್ಕೆ ಬಂದದ್ದು ಯಾರ ಮನೆಗೆ ಗೊತ್ತೇ? ಮಂಗಳೂರಿನಲ್ಲಿ ಹುಟ್ಟಿದ ನಮ್ಮ ಕಮಲಾದೇವಿ ಚಟ್ಟೋಪಾಧ್ಯಾಯರ ಮಗ ರಾಮ ಅವರನ್ನು ಕೈಹಿಡಿದು. ಉಪ್ಪಿನ ಸತ್ಯಾಗ್ರಹದಲ್ಲಿ ಜೈಲಿಗೆ ಹೋದ, ದೇಶದ ಕುಶಲಕರ್ಮಿಗಳ ಕೈಕಸುಬು ಉಳಿಸಲು ಜೀವ ಸವೆಸಿದ ಕಮಲಾದೇವಿಯವರು ಹಾವಿನ ಹುಡುಗನಿಗೆ ಅಜ್ಜಿಯಾದರು. ಕೊಡೈಕೆನಾಲಿನ ಶಾಲೆಯಲ್ಲಿ ಓದುವಾಗ ಈ ಹುಡುಗ ಮಂಚದ ಕೆಳಗೆ ಹೆಬ್ಬಾವು ಸಾಕಿದ್ದ. ಮುಂದೆ ಮದ್ರಾಸಿನ ಹೊರವಲಯದಲ್ಲಿ ಒಂದು ಚಿಕ್ಕ ಹಾವಿನ ಉದ್ಯಾನ ಶುರುಮಾಡಿ, 1972ರಲ್ಲಿ ಗಿಂಡಿಗೆ ತಂದರು. ಅಲ್ಲಿ ಬುಟ್ಟಿಯಿಲ್ಲ, ಪುಂಗಿಯಿಲ್ಲ. ತಗ್ಗಾದ ಅಂಗಳ, ಸುತ್ತ ನುಣುಪು ಗೋಡೆ, ಒಳಗೆ ಮರ, ನೀರು, ಬಿಸಿಲು, ನೆರಳು. ಜನ ಮೇಲಿನಿಂದ ಬಾಗಿ ನೋಡಿ, ಹಾವು ಸುಮ್ಮನೆ ಹಾವಾಗಿ ಇರುವುದನ್ನು ಕಂಡರು. ಹಾವು ಹಿಡಿಯುವುದೇ ಕುಲಕಸುಬಾದ ಇರುಳರಿಗೆ 1978ರಲ್ಲಿ ಸಹಕಾರ ಸಂಘ ಕಟ್ಟಲು ನೆರವಾದರು. ಹಾವಿನ ಚರ್ಮಕ್ಕೆ ಬದಲು ಔಷಧಕ್ಕಾಗಿ ವಿಷ ತೆಗೆದು, ಹಾವನ್ನು ಮತ್ತೆ ಕಾಡಿಗೆ ಬಿಡುವ ಕೆಲಸ. ನಮ್ಮ ಹಾವಾಡಿಗರಿಗೂ ಹಾಗೆ ಯಾರಾದರೂ ಕೂಡಿಸಿ ಕೊಟ್ಟಿದ್ದರೆ ಎನಿಸುತ್ತದೆ. 2005ರಲ್ಲಿ ವಿಟೇಕರ್ ನಮ್ಮ ಆಗುಂಬೆಯಲ್ಲಿ ಮಳೆಕಾಡಿನ ಸಂಶೋಧನಾ ಕೇಂದ್ರ ತೆರೆದರು, ಕಾಳಿಂಗಸರ್ಪಕ್ಕಾಗಿ. ಮೇಲೆ ಹೇಳಿದ ಗೂಡು ಕಟ್ಟುವಾಕೆ ಇವಳೇ, ಹೆಣ್ಣು ಕಾಳಿಂಗ. ಮೈಯನ್ನೇ ಕೈ ಮಾಡಿಕೊಂಡು, ಕೊಂಕಿಸಿ, ಒಣಗಿದ ಎಲೆಗಳನ್ನು ಗುಡ್ಡೆ ಹಾಕಿ, ನಡುವೆ ಮೊಟ್ಟೆಯಿಟ್ಟು ಕಾಯುತ್ತಾಳೆ. ಮಲೆನಾಡಿನ ಮಳೆಗೂ ಒಳಗಿನ ಮೊಟ್ಟೆ ಕೊಚ್ಚಿಹೋಗದಷ್ಟು ಒತ್ತಾದ ಕಟ್ಟಡ.

ಪುಣೆಯ ನೀಲಿಮಕುಮಾರ್ ಖೈರೆಯವರು 1980ರಲ್ಲಿ ಗಾಜಿನ ಕೋಣೆಯೊಳಗೆ 72 ವಿಷದ ಹಾವುಗಳೊಂದಿಗೆ 72 ಗಂಟೆ ಕಳೆದರು. ಹಾವನ್ನು ಕೆಣಕದಿದ್ದರೆ ಅದು ಕಚ್ಚುವುದಿಲ್ಲ ಎಂದು ತೋರಿಸಲು. ಅದರ ಬೆನ್ನಿಗೆ 1986ರಲ್ಲಿ ಕಾತ್ರಜದ ಹಾವಿನ ಉದ್ಯಾನ ಬಂತು. ನಮ್ಮ ಮೈಸೂರಿನ ಮೃಗಾಲಯ 1892ರದ್ದು; ಅಲ್ಲಿ 2010ರಲ್ಲಿ ಶ್ರೀಲಂಕಾದಿಂದ ಅನಕೊಂಡಗಳು ಬಂದಾಗ ಅವಕ್ಕೆಂದೇ ನೀರಿನ ವ್ಯವಸ್ಥೆ ಇರುವ ಮನೆ ಬೇಕಾಯಿತು. ನಾನು ಕಣ್ಣಾರೆ ಕಂಡದ್ದು ಹೈದರಾಬಾದಿನ ನೆಹರೂ ಮೃಗಾಲಯ. ನಮ್ಮ ಕಡೆಯ ಸಾಲಿಗಳ ಪ್ರವಾಸವೆಂದರೆ ಅದೇ, ಮುಂಜಾನೆ ಬಸ್ಸು ಹತ್ತಿದರೆ ಮಧ್ಯಾಹ್ನದೊಳಗೆ ತಲುಪುತ್ತೇವೆ. ಹೆಬ್ಬಾವಿನ ಗಾಜಿನ ಮುಂದೆ ನನ್ನ ಮಕ್ಕಳು ನಿಂತು ಬೆರಳಿನಿಂದ ಟಕ್‌ಟಕ್ ಬಡಿಯತೊಡಗಿದರು. ಕಾವಲಿನಾತ ಗದರಿಸಲಿಲ್ಲ; ಒಬ್ಬ ಹುಡುಗನ ಕಿವಿಯನ್ನು ಕಬ್ಬಿಣದ ಕಂಬಿಗೆ ಹಚ್ಚಿಸಿ ಇನ್ನೊಂದು ತುದಿಯಲ್ಲಿ ತಟ್ಟಿದ. ಹುಡುಗ ಬೆಚ್ಚಿದ. “ಹಾವು ಇಡೀ ಮೈಯಿಂದ ಹಿಂಗ ಕೇಳಿಸಿಕೋತದ” ಎಂದ. ನಾನು ವರ್ಷಗಟ್ಟಲೆ ಪಾಠ ಮಾಡಿದರೂ ಅಷ್ಟು ಚೆನ್ನಾಗಿ ಮಾಡಿಲ್ಲ.

ನಮ್ಮಲ್ಲಿ ಮನೆಯಲ್ಲಿ ಹಾವು ಸಾಕುವ ಪ್ರಶ್ನೆಯೇ ಇಲ್ಲ. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ರಕ್ಷಣೆ ನಾಗರಕ್ಕೂ ಉಂಟು, ಹೆಬ್ಬಾವಿಗೂ ಉಂಟು. ಹಿಡಿದರೆ, ಇಟ್ಟುಕೊಂಡರೆ ಜೈಲು. ಹೊರದೇಶದ ಹಾವು ತಂದು ಸಾಕುವ ಶೋಕಿ ನಗರಗಳಲ್ಲಿ ಬೆಳೆದದ್ದರಿಂದ 2022ರಲ್ಲಿ ಕಾಯಿದೆ ತಿದ್ದಿ, 2024ರಲ್ಲಿ ನಿಯಮ ಮಾಡಿ, ಅಂತಾರಾಷ್ಟ್ರೀಯ ಪಟ್ಟಿಯಲ್ಲಿರುವ ಅಂಥ ಪ್ರಾಣಿಗಳನ್ನು ಸರಕಾರದಲ್ಲಿ ನೋಂದಾಯಿಸಬೇಕೆಂದು ಮಾಡಿದ್ದಾರೆ. ಅಮೆರಿಕದ ಪದ್ಧತಿ ಬೇರೆ. ಅಲ್ಲಿ ರಾಜ್ಯಕ್ಕೊಂದು ಕಾನೂನು. ಬರ್ಮಾದ ಹೆಬ್ಬಾವು ಫ್ಲಾರಿಡಾದ ಜೌಗಿನಲ್ಲಿ ಬೀಡುಬಿಟ್ಟು ಮೊಲ, ರಕೂನುಗಳನ್ನು ತಿಂದು ತೀರಿಸುತ್ತಿರುವುದರಿಂದ 2012ರಲ್ಲಿ ಅದನ್ನು ಹೊರದೇಶದಿಂದ ತರುವುದನ್ನು ನಿಷೇಧಿಸಿದರು. ಸಾಕಿದವರ ಮನೆಯಿಂದ ತಪ್ಪಿಸಿಕೊಂಡದ್ದು, ಬೇಡವೆಂದು ಬಿಟ್ಟದ್ದು, ಎಲ್ಲ ಸೇರಿ ಅಲ್ಲಿ ಸಂತತಿಯಾಗಿದೆ. ನನ್ನ ತಂಗಿಯ ಮಗ ಸಾಕಿದ್ದು ಬೋವಾ, ಮಧ್ಯ ಮತ್ತು ದಕ್ಷಿಣ ಅಮೆರಿಕದ್ದು, ವಿಷವಿಲ್ಲ, ಬಿಗಿದು ಕೊಲ್ಲುವ ಜಾತಿ. ಅವನಿರುವ ರಾಜ್ಯದಲ್ಲಿ ಅನುಮತಿಯಿದೆ.

ಅವನು ಕಟ್ಟಿದ ಮನೆಯನ್ನು ವಾರ ವಾರ ವಿಡಿಯೋದಲ್ಲಿ ತೋರಿಸಿದ. ಎಂಟಡಿ ಉದ್ದ, ಮೂರಡಿ ಅಗಲ, ಎರಡೂವರೆ ಅಡಿ ಎತ್ತರ. ಏಕೆ ಎಂಟಡಿ ಎಂದು ಕೇಳಿದೆ. ಹಾವು ಪೂರ್ತಿ ಮೈ ಚಾಚುವಷ್ಟು ಇರಬೇಕಂತೆ. ಮೊದಲೆಲ್ಲ ಸುರುಳಿ ಸುತ್ತಿ ಕೂರುವ ಪ್ರಾಣಿಗೆ ಚಿಕ್ಕ ಪೆಟ್ಟಿಗೆ ಸಾಕೆನ್ನುತ್ತಿದ್ದರು, ಈಗ ಹಾಗಲ್ಲ. ಮುಕ್ಕಾಲು ಇಂಚಿನ ಪ್ಲೈವುಡ್. ಒಳಗೆ ತೇವ ಇರುವುದರಿಂದ ಹಲಗೆ ಉಬ್ಬಬಾರದೆಂದು ನಾಲ್ಕು ಸಲ ವಾರ್ನಿಷ್. ಬಳಿದ ಮೇಲೆ ಮೂರು ವಾರ ಬಾಗಿಲು ತೆಗೆದಿಟ್ಟು ವಾಸನೆ ಹೋಗುವವರೆಗೆ ಹಾವನ್ನು ಬಿಡಲಿಲ್ಲ. ಕೀಲುಗಳಿಗೆಲ್ಲ ಸಿಲಿಕೋನ್. ಮುಂದೆ ಗಟ್ಟಿ ಮಾಡಿದ ಗಾಜು, ಪಕ್ಕಕ್ಕೆ ಸರಿಯುವುದು. ಬಿಸಿಗೆ ಒಂದು ತುದಿಯ ಚಾವಣಿಯಲ್ಲಿ ಶಾಖದ ಫಲಕ. ನೆಲದಲ್ಲಿ ಬಿಸಿ ಕಲ್ಲು ಇಡುವವರೂ ಇದ್ದಾರಂತೆ, ಅದು ಅಪಾಯ. ಹಾವು ಅದರ ಮೇಲೆ ಹಾಯಾಗಿ ಮಲಗುತ್ತದೆ, ಹೊಟ್ಟೆ ಸುಟ್ಟರೂ ಏಳುವುದಿಲ್ಲ. ಬಿಸಿ ಮೇಲಿನಿಂದಲೇ ಬರಬೇಕು, ಸೂರ್ಯನಂತೆ. ಬೆಚ್ಚಗಿನ ತುದಿ 32 ಡಿಗ್ರಿ, ತಂಪಿನ ತುದಿ 26. ಬಿಸಿ ಹೆಚ್ಚಾದರೆ ತಾನೇ ಆರುವ ಥರ್ಮೊಸ್ಟಾಟ್. ಉಂಡ ಮೇಲೆ ಹಾವು ಬಿಸಿಲ ಕಡೆ ಹೋಗುತ್ತದೆ, ಬಿಸಿಯಿಲ್ಲದೆ ಅದಕ್ಕೆ ಅರಗುವುದಿಲ್ಲ. ಸಾಕೆನಿಸಿದರೆ ಈ ಕಡೆ ಬರುತ್ತದೆ. ಹೋಗಿ ಬರುವ ಆಯ್ಕೆ ಅದರದು. ಜೋನ್ ಪ್ರಾಕ್ಟರ್ ಗೂಡಿಗೊಂದು ಹವೆ ಕೊಟ್ಟಳು, ಈಗಿನವರು ಒಂದೇ ಗೂಡಿನಲ್ಲಿ ಎರಡು ಹವೆ ಕೊಡುತ್ತಾರೆ. ಎರಡೂ ತುದಿಗೆ ಒಂದೊಂದು ಅಡಗುವ ಡಬ್ಬ, ಮೈ ತಾಗುವಷ್ಟೇ ಚಿಕ್ಕದು. ಮುಳುಗಿ ಕೂರುವಷ್ಟು ದೊಡ್ಡ ನೀರಿನ ತೊಟ್ಟಿ. ನೆಲಕ್ಕೆ ತೆಂಗಿನ ನಾರಿನ ಪುಡಿ. ನಮ್ಮ ದಕ್ಷಿಣದ ತೆಂಗು ಎಲ್ಲಿಯ ಹಾವಿಗೆ ಹಾಸಿಗೆಯಾಗಿದೆ ನೋಡಿ. ಅದು ನೀರು ಹಿಡಿದಿಟ್ಟು ನಿಧಾನವಾಗಿ ಬಿಡುತ್ತದೆ, ತೇವ ಕಡಿಮೆಯಾದರೆ ಪೊರೆ ಸರಿಯಾಗಿ ಕಳಚುವುದಿಲ್ಲ.

ಬಿಸಿ, ತೇವ, ಕತ್ತಲೆ, ಇಕ್ಕಟ್ಟು. ಇಷ್ಟು ಖರ್ಚು ಮಾಡಿ ಅವನು ಕಟ್ಟಿದ್ದು ಹುತ್ತವನ್ನೇ. ಅವನಿಗೆ ಹಾಗೆಂದೆ, ಅವನಿಗೂ ಖುಷಿಯಾಯಿತು.

ಆಮೇಲೆ ನಾನು ನನ್ನ ಮಾತಿಗೆ ಬಂದೆ. ಕೆನಡಾದ ಕ್ಯಾಂಪ್‌ಬೆಲ್ಟನ್ ಎಂಬ ಊರಿನಲ್ಲಿ 2013ರ ಆಗಸ್ಟ್ 5ರಂದು ನಡೆದದ್ದು ನಿನಗೆ ಗೊತ್ತೇ ಎಂದು ಕೇಳಿದೆ. ಗೊತ್ತು ಎಂದ, ಮುಖ ಇಳಿಯಿತು. ಅಲ್ಲಿ ಸುಮಾರು ಹದಿನಾಲ್ಕು ಅಡಿಯ ಆಫ್ರಿಕಾದ ಹೆಬ್ಬಾವು ತನ್ನ ಕೋಣೆಯ ಮೇಲ್ಗಡೆಯ ಗಾಳಿಯ ಕೊಳವೆಯೊಳಗೆ ನುಸುಳಿ, ಇನ್ನೊಂದು ಕೋಣೆಯಲ್ಲಿ ಮಲಗಿದ್ದ ಆರು ಮತ್ತು ನಾಲ್ಕು ವರ್ಷದ ಅಣ್ಣತಮ್ಮಂದಿರ ಮೇಲೆ ಬಿದ್ದು ಇಬ್ಬರನ್ನೂ ಕೊಂದಿತು. ಗಾಜು ಒಡೆದಿರಲಿಲ್ಲ, ಬಾಗಿಲು ಮುರಿದಿರಲಿಲ್ಲ. ಗಾಳಿಯಾಡಲೆಂದು ಬಿಟ್ಟ ಬಾಯಿ, ಅಷ್ಟೇ. “ನಿನ್ನ ಪೆಟ್ಟಿಗೆಯ ಗಾಳಿಕಿಂಡಿ ತೋರಿಸು” ಎಂದೆ. ಪ್ಲಾಸ್ಟಿಕ್ ಜಾಲರಿ ಹಾಕಿ ನಾಲ್ಕು ಸಣ್ಣ ಮೊಳೆ ಹೊಡೆದಿದ್ದ. ಗಾಜಿಗೆ ಬೀಗವಿರಲಿಲ್ಲ, ಬೀಗ ತರಿಸಿದ್ದೇನೆ, ಇನ್ನೂ ಬಂದಿಲ್ಲ ಎಂದ. ಆಗ ಚೆನ್ನಾಗಿಯೇ ಬೈದೆ. ಅವನ ಬೋವಾ ಅಷ್ಟು ದೊಡ್ಡದಲ್ಲ, ದೊಡ್ಡವರನ್ನು ಏನೂ ಮಾಡದು, ನಿಜ. ಬರುವುದು ಮೂರು ಕೆಜಿಯ ಕೂಸು. ಹಾವಿಗೆ ಕೆಟ್ಟತನವಿಲ್ಲ, ಬಿಸಿಯೂ ವಾಸನೆಯೂ ಗೊತ್ತು. ಹಾಲು ವಾಸನೆಯ, ಬೆಚ್ಚಗಿನ ಕೂಸು ಅದಕ್ಕೆ ಕೂಸೆಂದು ಹೇಗೆ ತಿಳಿಯಬೇಕು?

ನನ್ನ ಷರತ್ತುಗಳನ್ನು ತಂಗಿಗೂ ಕೇಳಿಸುವ ಹಾಗೆ ಹೇಳಿದೆ. ಗಾಳಿಕಿಂಡಿಗೆ ಉಕ್ಕಿನ ಜಾಲರಿ, ಮೊಳೆಯಲ್ಲ, ಒಳಗಿನಿಂದ ಪಟ್ಟಿಯಿಟ್ಟು ಬೋಲ್ಟು. ಗಾಜಿಗೆ ಬೀಗ, ಕೀಲಿ ಒಬ್ಬರ ಕೈಯಲ್ಲಿ. ಪೆಟ್ಟಿಗೆ ಬೇರೆ ಕೋಣೆಯಲ್ಲಿ, ಆ ಕೋಣೆಗೂ ಬೀಗ, ಬಾಗಿಲ ಕೆಳಗಿನ ಸಂದಿಗೆ ಪಟ್ಟಿ, ಚಾವಣಿಯ ಗಾಳಿ ಕೊಳವೆಗೆ ಜಾಲರಿ. ಹಾವನ್ನು ಹೊರತೆಗೆಯುವಾಗ ಮನೆಯಲ್ಲಿ ಇನ್ನೊಬ್ಬ ಆರೋಗ್ಯವಂತ ದೊಡ್ಡವರು ಇರಬೇಕು. ನಿದ್ದೆಗೆಟ್ಟ ದಿನ ಮುಟ್ಟಬಾರದು. ಈ ಕೊನೆಯದು ಗರ್ಲಿಂಗನ ಲೆಕ್ಕ. ಕೂಸಿನ ಮನೆಯಲ್ಲಿ ನಿದ್ದೆಗೆಡದ ದಿನ ಯಾವುದಿದೆ ಎಂದು ಅವನು ಕೇಳಿದ. ಅದನ್ನೇ ನೀನು ಯೋಚಿಸು ಎಂದೆ.

ಹದಿನೈದು ದಿನ ಯೋಚಿಸಿದ. ಎಲ್ಲ ಷರತ್ತುಗಳನ್ನೂ ಪಾಲಿಸಿ ಕಟ್ಟಡ ಮುಗಿಸಿದ, ಆಮೇಲೆ ಆ ಮನೆಯ ಸಮೇತ ಹಾವನ್ನು ಮಕ್ಕಳು ಬೆಳೆದು ದೊಡ್ಡವರಾಗಿರುವ ತನ್ನ ಗೆಳೆಯನೊಬ್ಬನಿಗೆ ಕೊಟ್ಟ. ಸಾಗಿಸಲು ನಾಲ್ಕು ಮಂದಿ ಬೇಕಾದರಂತೆ. ನನ್ನ ತಂಗಿ ಹೋಗುವ ಹೊತ್ತಿಗೆ ಮನೆಯಲ್ಲಿ ಹಾವಿರಲಿಲ್ಲ. ಒಂದು ಭಾನುವಾರ ಮಗ, ಸೊಸೆ ಕೂಸಿನ ಜೊತೆ ಮನೆಯಲ್ಲಿದ್ದಾಗ ಆ ಗೆಳೆಯ ಬಂದು ಆಕೆಯನ್ನು ತನ್ನ ಮನೆಗೆ ಕರೆದೊಯ್ದು ತೋರಿಸಿದನಂತೆ. ಅಂದು ರಾತ್ರಿ ಫೋನು ಮಾಡಿದಳು.

“ನೋಡಿದೆನವ್ವ. ಬೀಗ ಮೂರು ಅವ, ನಾನೇ ಎಣಿಸಿದೆ. ಡಬ್ಬಿ ಒಳಗ ಮಕ್ಕೊಂಡಿತ್ತು, ಮೂತಿ ಅಷ್ಟು ಕಾಣ್ತಿತ್ತು. ಹಾಲು ಕೊಡಬೇಡಿ ಅಂತ ಅವರಿಗಿ ಹೇಳಿದೆ. ಅವರಿಗಿ ಮೊದಲೇ ಗೊತ್ತಿತ್ತು.”